ಇಲಿಗೆ ತಾನಾಗಿ ಬಾರದ ಕಾಯಿಲೆ, ಗರ್ಭಿಣಿಗೆ ಸಿಗದ ಮದ್ದು

ಔಷಧ ಪರೀಕ್ಷೆಗೆ ಪ್ರಾಣಿಗಳು ಬೇಕೇ, ಬೇಡವೇ ಎಂಬ ಚರ್ಚೆ ಮತ್ತೆ ಜೋರಾಗಿದೆ. ಭಾರತ 2023ರಲ್ಲೇ ನಿಯಮ ತಿದ್ದಿ, ಪ್ರಾಣಿಗಳಿಲ್ಲದ ಪರೀಕ್ಷಾ ವಿಧಾನಗಳಿಗೂ ದಾರಿ ಮಾಡಿಕೊಟ್ಟಿತು. ಕೆಲವು ಬಗೆಯ ಔಷಧಗಳಿಗೆ ಪ್ರಾಣಿಪರೀಕ್ಷೆಯನ್ನು ಹಂತಹಂತವಾಗಿ ಕೈಬಿಡುವುದಾಗಿ ಅಮೆರಿಕದ ಎಫ್‌ಡಿಎ 2025ರ ಏಪ್ರಿಲ್‌ನಲ್ಲಿ ಹೇಳಿತು. ಒಳ್ಳೆಯದೇ. ಆದರೆ ಈ ಗದ್ದಲದಲ್ಲಿ ಗರ್ಭಿಣಿಯರ ಮಾತೇ ಇಲ್ಲ ಅನ್ನೋದು ನನ್ನ ತಕರಾರು.

ಪ್ರೀ-ಎಕ್ಲಾಂಪ್ಸಿಯಾವನ್ನೇ ನೋಡಿ. ಸಾಮಾನ್ಯವಾಗಿ 20 ವಾರ ತುಂಬಿದ ಮೇಲೆ ಬಿಪಿ ಏರುತ್ತದೆ, ಮೂತ್ರದಲ್ಲಿ ಪ್ರೋಟೀನ್ ಹೋಗುತ್ತದೆ, ಕಿಡ್ನಿ-ಲಿವರ್‌ಗೆ ಪೆಟ್ಟು ಬೀಳುತ್ತದೆ, ಕೈಮೀರಿದರೆ ಫಿಟ್ಸ್. ಬಿಪಿ ಇಳಿಸಲು, ಫಿಟ್ಸ್ ತಡೆಯಲು ಮದ್ದುಂಟು. ಮೂಲ ಕಾಯಿಲೆಗೆ ಮಾತ್ರ ಇವತ್ತಿಗೂ ಹೆರಿಗೆಯೊಂದೇ ಪರಿಹಾರ. ದಿನ ತುಂಬದ ಮಗುವಾದರೂ ಸರಿ, ಹೊರತೆಗೆಯಬೇಕು.

ಸಾಮಾನ್ಯ ಇಲಿಗೆ ಈ ಕಾಯಿಲೆ ತಾನಾಗಿ ಬರುವುದಿಲ್ಲ. ನಾವೇ ಬರಿಸಬೇಕು. ಒಂದು ವಿಧಾನದಲ್ಲಿ, ಬಸುರಿ ಇಲಿಯ ಗರ್ಭಕೋಶಕ್ಕೆ ಹೋಗುವ ರಕ್ತನಾಳಗಳಿಗೆ ಪುಟ್ಟ ಬೆಳ್ಳಿ ಕ್ಲಿಪ್ ಹಾಕಿ ರಕ್ತದ ಹರಿವು ತಗ್ಗಿಸುತ್ತಾರೆ. ಬಿಪಿ ಏರುತ್ತದೆ. ಆದರೆ ಮನುಷ್ಯರಲ್ಲಿ ಎಡವಟ್ಟು ಶುರುವಾಗುವುದು ತಿಂಗಳುಗಳ ಮೊದಲು, ಮಾಸು ಬೇರೂರುವ ಹೊತ್ತಿಗೆ. ಮೂರು ವಾರಕ್ಕೆ ಹತ್ತಾರು ಮರಿ ಹಾಕುವ ಇಲಿಯಲ್ಲಿ ಆ ಶುರುವಾತನ್ನು ಹಾಗೇ ಕಾಣಲಾಗದು. ಕ್ಲಿಪ್ ತೋರಿಸುವುದು ಕಥೆಯ ಉತ್ತರಾರ್ಧ ಮಾತ್ರ.

ಹಾಗಂತ ಇಲಿ ದಂಡವಲ್ಲ. ಅಮೆರಿಕದಲ್ಲಿ ಭಾರತ ಮೂಲದ ವೈದ್ಯ ಎಸ್. ಅನಂತ್ ಕರುಮಂಚಿ ಅವರ ತಂಡ, ಕಾಯಿಲೆ ಇದ್ದ ಮಹಿಳೆಯರ ಮಾಸಿನಲ್ಲಿ ಎಸ್‌ಫ್ಲಿಟ್-1 ಎಂಬ ಪ್ರೋಟೀನ್ ಅತಿಯಾಗಿರುವುದನ್ನು ಕಂಡಿತು. ಇದು ಕಾಯಿಲೆಗೆ ಕಾರಣವೋ, ಪರಿಣಾಮವೋ? ಬಸುರಿ ಇಲಿಗಳ ರಕ್ತದಲ್ಲಿ ಅದನ್ನೇ ಹೆಚ್ಚಿಸಿದಾಗ ಬಿಪಿ ಏರಿತು, ಕಿಡ್ನಿಯೂ ಕೆಟ್ಟಿತು. 2003ರಲ್ಲಿ ಈ ಫಲಿತಾಂಶ ಪ್ರಕಟವಾಯಿತು. ಇದೇ ಪ್ರೋಟೀನನ್ನು ಅಳೆದು ಅಪಾಯ ಅಂದಾಜಿಸುವ ರಕ್ತಪರೀಕ್ಷೆಗೆ 2023ರಲ್ಲಿ ಎಫ್‌ಡಿಎ ಒಪ್ಪಿಗೆ ಕೊಟ್ಟಿತು. ಪ್ರಶ್ನೆ ಹುಟ್ಟಿದ್ದು ಹೆಣ್ಣಿನ ಮಾಸಿನಲ್ಲಿ. ಇಲಿ ಸಾಕ್ಷಿ ಹೇಳಿತು. ಕ್ರಮ ಅಂದರೆ ಇದು.

ಇಲಿಯ ಸಾಕ್ಷಿಯನ್ನೇ ತೀರ್ಪು ಅಂದುಕೊಂಡರೆ ಕಷ್ಟ. ಮಾಸಿಗೆ ರಕ್ತ ಸಾಲದೆ ಮಗು ಬೆಳೆಯದ ಸಮಸ್ಯೆಗೆ ಸಿಲ್ಡೆನಾಫಿಲ್ ಮದ್ದಾದೀತು ಎಂದು ಇಲಿ, ಕುರಿಗಳ ಮೇಲಿನ ಕೆಲವು ಪ್ರಯೋಗಗಳು ಆಸೆ ಹುಟ್ಟಿಸಿದ್ದವು. 2018ರಲ್ಲಿ ನೆದರ್‌ಲೆಂಡ್ಸ್‌ನ ಪ್ರಯೋಗವನ್ನು ಅರ್ಧಕ್ಕೇ ನಿಲ್ಲಿಸಬೇಕಾಯಿತು. ಔಷಧ ಪಡೆದ ತಾಯಂದಿರ ಕೆಲವು ಶಿಶುಗಳು ಶ್ವಾಸಕೋಶದ ತೊಂದರೆಯಿಂದ ತೀರಿಕೊಂಡಿದ್ದವು.

ಇಂಥ ದುರಂತ ಕಂಡಾಗ 'ಗರ್ಭಿಣಿಯರ ತಂಟೆಗೇ ಹೋಗೋದು ಬೇಡ' ಅನ್ನಿಸುವುದು ಸಹಜ. ಬಹುತೇಕ ಔಷಧ ಪ್ರಯೋಗಗಳು ಮಾಡುವುದೂ ಅದನ್ನೇ, ಅವರನ್ನು ಹೊರಗಿಡುತ್ತವೆ. ನನ್ನ ಪ್ರಕಾರ ಇದು ರಕ್ಷಣೆಯಲ್ಲ. ಪ್ರಯೋಗದಲ್ಲಿ ನಿಗಾ ಇಟ್ಟು ತಿಳಿಯಬೇಕಾದ್ದನ್ನು, ನಿಗಾ ಇಲ್ಲದ ವಾರ್ಡಿನಲ್ಲಿ ಒಬ್ಬೊಬ್ಬರ ಮೈಮೇಲೆ ತಿಳಿಯುತ್ತಾ ಹೋಗುತ್ತೇವೆ ಅಷ್ಟೇ.

ಎಚ್ಚರದಿಂದ ಮಾಡಿದರೆ ಏನಾಗುತ್ತದೆ ಅನ್ನೋದಕ್ಕೆ ನಮ್ಮಲ್ಲೇ ಉದಾಹರಣೆಯಿದೆ. ಆಹಾರದಲ್ಲಿ ಕ್ಯಾಲ್ಸಿಯಂ ಕಮ್ಮಿ ಇರುವ ಕಡೆ, ಪ್ರೀ-ಎಕ್ಲಾಂಪ್ಸಿಯಾ ತಡೆಗೆ ದಿನಕ್ಕೆ 1,500ರಿಂದ 2,000 ಮಿ.ಗ್ರಾಂ ಕ್ಯಾಲ್ಸಿಯಂ ಕೊಡಿ ಅನ್ನುತ್ತಿತ್ತು ವಿಶ್ವ ಆರೋಗ್ಯ ಸಂಸ್ಥೆ. ಅಷ್ಟು ಬೇಕೇ? ಬೆಂಗಳೂರಿನಲ್ಲಿ 11,000 ಚೊಚ್ಚಲ ಗರ್ಭಿಣಿಯರ ಮೇಲೆ ಅಧ್ಯಯನ ನಡೆಯಿತು. 500 ಮಿ.ಗ್ರಾಂ ತೆಗೆದುಕೊಂಡವರಲ್ಲಿ ಶೇ. 3.0, 1,500 ತೆಗೆದುಕೊಂಡವರಲ್ಲಿ ಶೇ. 3.6 ಮಂದಿಗೆ ಕಾಯಿಲೆ ಬಂತು. ಕಡಿಮೆ ಡೋಸ್ ಏನೂ ಕಳಪೆಯಲ್ಲ ಎಂದು 2024ರಲ್ಲಿ ವರದಿಯಾಯಿತು. ಸರ್ಕಾರಕ್ಕೆ ಖರ್ಚು ಕಡಿಮೆ, ಹೆಂಗಸರಿಗೆ ನುಂಗುವ ಮಾತ್ರೆಯೂ ಕಡಿಮೆ. ಈ ಉತ್ತರವನ್ನು ಯಾವ ಇಲಿಯೂ ಕೊಡುತ್ತಿರಲಿಲ್ಲ.

ಹಾಗಾಗಿ ಪ್ರಾಣಿಪರೀಕ್ಷೆ ಕಡಿಮೆ ಮಾಡುವ ನಿಯಮಗಳು ಬರಲಿ. ಜೊತೆಗೆ, ಗರ್ಭಿಣಿಯರಿಗೂ ಬೇಕಾಗಬಹುದಾದ ಔಷಧವನ್ನು ಅವರಲ್ಲಿ ಯಾವಾಗ, ಹೇಗೆ ಪರೀಕ್ಷಿಸುತ್ತೀರಿ ಎಂದು ಕಂಪನಿಗಳನ್ನು ಕೇಳುವ ನಿಯಮವೂ ಬರಲಿ. ಇಲ್ಲದಿದ್ದರೆ ಇಲಿ ಬಚಾವಾದೀತು, ಬಸುರಿ ಇದ್ದಲ್ಲೇ ಇರುತ್ತಾಳೆ.