ಕೊಳವೆ ಬಾವಿಯ ಮೇಲೊಂದು ಶಾಸನ

ಕಾಲೇಜಿನ ವಾರ್ಷಿಕ ಸಂಚಿಕೆಗೆ ಇತ್ತೀಚಿನ ವೈಜ್ಞಾನಿಕ ಸಂಶೋಧನೆಗಳನ್ನು ಕುರಿತು ಏನಾದರೂ ಬರೆದುಕೊಡೆಂದು ನಮ್ಮ ಅಧ್ಯಾಪಕರೊಬ್ಬರು ಅಪ್ಪಣೆ ಮಾಡಿದಾಗ ನನಗೆ ನಗು ಬಂದಿತು. ಆ ನಗುವನ್ನೂ ನಾನು ಬಾಯಿಗೆ ಕೈ ಅಡ್ಡ ಹಿಡಿದೇ ನಕ್ಕೆನು. ಅದರ ಕಾರಣವನ್ನು ಮುಂದೆ ಅರಿಕೆ ಮಾಡುತ್ತೇನೆ. ನಾನು ಇತಿಹಾಸವನ್ನು ಓದುವ ವಿದ್ಯಾರ್ಥಿ. ವೈದ್ಯಶಾಸ್ತ್ರದಲ್ಲಿ ಇದು ನಡೆಯಿತು, ಜೀವಶಾಸ್ತ್ರದಲ್ಲಿ ಅದು ನಡೆಯಿತು ಎಂದು ಪತ್ರಿಕೆಗಳಿಂದ ಹೆಕ್ಕಿ ಪಟ್ಟಿ ಮಾಡಿಕೊಡುವುದೇನೂ ಕಷ್ಟವಲ್ಲ. ಆದರೆ ಅಂಥ ಪಟ್ಟಿಗಳನ್ನು ಓದಿ, ಪುಟ ತಿರುವುವುದರೊಳಗೆ ಮರೆಯುವವರಲ್ಲಿ ನಾನೂ ಒಬ್ಬನು. ಆದುದರಿಂದ ನಮ್ಮೂರಿನ ಒಂದು ಕೊಡ ನೀರನ್ನು ಮಾತ್ರ ಎದುರಿಗಿಟ್ಟುಕೊಂಡು ನಾಲ್ಕು ಮಾತು ಬರೆಯುತ್ತೇನೆ. ವೈದ್ಯ, ಜೀವ, ವಸ್ತು, ಪರಿಸರ ಎಂದು ನಾವು ಬೇರೆ ಬೇರೆ ಕೊಠಡಿಗಳಲ್ಲಿ ಕೂಡಿಸಿರುವ ಶಾಸ್ತ್ರಗಳೆಲ್ಲ ಆ ಕೊಡದೊಳಗೆ ಒಟ್ಟಿಗೇ ಇವೆ.

ನಮ್ಮೂರು ಹಿರಿಯೂರಿನ ಸೀಮೆಯದು. ನನ್ನ ಮುಂದಿನ ಹಲ್ಲುಗಳ ಮೇಲೆ ಅಡ್ಡಕ್ಕೆ ಕಂದುಬಣ್ಣದ ಪಟ್ಟೆಗಳಿವೆ. ಹಾಸ್ಟೆಲಿಗೆ ಸೇರಿದ ಹೊಸದರಲ್ಲಿ ಬೇರೆ ಜಿಲ್ಲೆಯ ಗೆಳೆಯನೊಬ್ಬನು, "ಏನಯ್ಯಾ, ಹಲ್ಲುಜ್ಜುವ ಅಭ್ಯಾಸವಿಲ್ಲವೇ? ಬೀಡಿ ಸೇದುತ್ತೀಯಾ?" ಎಂದು ಕೇಳಿದನು. ಅವನ ತಪ್ಪೇನೂ ಇಲ್ಲ. ಇದ್ದಿಲು, ಉಪ್ಪು, ಬೇವಿನ ಕಡ್ಡಿ, ಸಂತೆಯಲ್ಲಿ ಮಾರುವ ಬಿಳಿಯ ಪುಡಿ ಎಲ್ಲವೂ ಆಯಿತು, ಪಟ್ಟೆ ಹೋಗಲಿಲ್ಲ. ಅಂದಿನಿಂದ ಕೈ ಅಡ್ಡ ಹಿಡಿದು ನಗುವುದು ರೂಢಿಯಾಯಿತು. ನಮ್ಮ ಅಕ್ಕನನ್ನು ನೋಡಲು ಬಂದವರು, "ಹುಡುಗಿ ಲಕ್ಷಣವಾಗಿದ್ದಾಳೆ, ಆದರೆ…" ಎಂದು ನಿಲ್ಲಿಸಿ ಎದ್ದುಹೋದದ್ದು ಎರಡು ಸಲ. ಆ "ಆದರೆ" ಏನೆಂದು ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಎಲ್ಲರಿಗೂ ಗೊತ್ತಿತ್ತು.

ಇದು ನಮ್ಮ ಸೀಮೆಗೆ ಮಾತ್ರ ಬಂದ ಶಾಪವಲ್ಲವೆಂದು ತಿಳಿದದ್ದು ಈ ಕಾಲೇಜಿನ ವಾಚನಾಲಯದಲ್ಲಿ. 1901ರಲ್ಲಿ ಅಮೆರಿಕದ ಕೊಲರಾಡೊ ಸ್ಪ್ರಿಂಗ್ಸ್ ಎಂಬ ಊರಿಗೆ ವೃತ್ತಿಗೆಂದು ಬಂದ ಫ್ರೆಡರಿಕ್ ಮೆಕೇ ಎಂಬ ದಂತವೈದ್ಯರು ಅಲ್ಲಿನ ಮಕ್ಕಳ ಹಲ್ಲುಗಳ ಮೇಲೆ ಇದೇ ಕಂದು ಕಲೆಯನ್ನು ಕಂಡು ಬೆರಗಾದರು. ಕಾರಣ ಕುಡಿಯುವ ನೀರಿನಲ್ಲಿದೆ ಎಂದು ಅವರಿಗೆ ಗುಮಾನಿ ಹುಟ್ಟಿತು. ನೀರಿನಲ್ಲಿ ಏನಿದೆ ಎಂಬುದು ಗೊತ್ತಾಗುವುದಕ್ಕೆ ಮಾತ್ರ ಮೂವತ್ತು ವರ್ಷ ಹಿಡಿಯಿತು. 1931ರಲ್ಲಿ ಅಲ್ಯೂಮಿನಿಯಂ ಕಂಪೆನಿಯೊಂದರ ರಸಾಯನಶಾಸ್ತ್ರಜ್ಞರಾದ ಎಚ್. ವಿ. ಚರ್ಚಿಲ್ ಅವರು ಅಂಥ ಊರುಗಳ ನೀರನ್ನು ಪರೀಕ್ಷಿಸಿ ಫ್ಲೋರೈಡು ಎಂದು ಹೆಸರಿಟ್ಟು ಹೇಳಿದರು. ಆರು ವರ್ಷಗಳ ಮೇಲೆ, 1937ರಲ್ಲಿ, ಆಗಿನ ಮದರಾಸು ಪ್ರಾಂತದ ನೆಲ್ಲೂರಿನ ಕಡೆಯಿಂದ ಇದಕ್ಕಿಂತ ಕಠಿನವಾದ ವರದಿ ಬಂದಿತು: ಈ ಫ್ಲೋರೈಡು ಮೂಳೆಗೂ ಇಳಿದು, ಬೆನ್ನು ಬಾಗಿ, ಕೀಲುಗಳು ಬಿಗಿದುಹೋದ ಜನರ ವಿಚಾರ.

ಹಲ್ಲಿನ ವಿಷಯದಲ್ಲಿ ಒಂದು ವಿಶೇಷವಿದೆ. ಹಲ್ಲಿನ ಮೇಲಣ ಬಿಳಿಯ ಹೊದಿಕೆಯನ್ನು ಎನಾಮೆಲ್ ಎನ್ನುತ್ತಾರೆ. ನಾವು ನಗುವಾಗ ಕಾಣುವ ಹಲ್ಲುಗಳ ಎನಾಮೆಲ್ ಸುಮಾರು ಎಂಟು ವರ್ಷದೊಳಗೆ, ಹಲ್ಲು ಇನ್ನೂ ದವಡೆಯೊಳಗೆ ಇರುವಾಗಲೇ ಕಟ್ಟಿಕೊಂಡು ಮುಗಿಯುತ್ತದೆ. ಆ ಕಾಲದಲ್ಲಿ ಫ್ಲೋರೈಡು ಮಿತಿಮೀರಿ ಸೇರಿದರೆ ಕಟ್ಟಡ ಸಡಿಲಾಗುತ್ತದೆ. ಅನಂತರ ಆ ಸಡಿಲಿನೊಳಕ್ಕೆ ಬಣ್ಣ ಇಳಿಯುತ್ತದೆ. ಒಮ್ಮೆ ಕಟ್ಟಿದ ಎನಾಮೆಲನ್ನು ದೇಹ ಮತ್ತೆ ಕಟ್ಟುವುದಿಲ್ಲ. ಬೆಳೆದ ಮೇಲೆ ಅದೇ ನೀರು ಕುಡಿದವರ ಹಲ್ಲಿಗೆ ಕಲೆ ಹತ್ತುವುದಿಲ್ಲ, ಮೂಳೆಯಲ್ಲಿ ಮಾತ್ರ ಶೇಖರವಾಗುತ್ತಾ ಹೋಗುತ್ತದೆ. ಇದನ್ನು ಓದಿದ ದಿನ ನನಗೆ ನಮ್ಮ ಅಜ್ಜಿಯ ನೆನಪಾಯಿತು. ಅವಳ ಹಲ್ಲಿನಲ್ಲಿ ಎಲೆಯಡಿಕೆಯ ಕೆಂಪು ಬಿಟ್ಟರೆ ಬೇರೆ ಕಲೆಯಿಲ್ಲ. ಆದರೆ ಕೂತರೆ ಏಳಲಾರಳು. ಊರಿಗೆ ಹೋದಾಗ ಕೇಳಿದೆನು.

"ಬಾವಿ ನೀರು ಕುಡಿಯೋವಾಗ ಯಾರ ಹಲ್ಲೂ ಹಿಂಗ್ ಇದ್ದಿಲ್ಲ ಕಣಪ್ಪ. ಈ ಬೋರು ಬಂತು ನೋಡು, ಬರೋದೆಲ್ಲ ಬಂತು" ಎಂದಳು.

ಅಜ್ಜಿಯ ಮೊಣಕಾಲಿನ ನೋವೆಲ್ಲ ಫ್ಲೋರೈಡಿನದೇ ಎಂದು ನಾನು ಹೇಳಲಾರೆ. ಎಂಬತ್ತರ ವಯಸ್ಸಿಗೂ ಅದರ ಪಾಲುಂಟು. ಆದರೆ ಮಾತಿನ ತಿರುಳಿನಲ್ಲಿ ಅವಳು ಭೂವಿಜ್ಞಾನಿಗಳನ್ನು ಬಿಟ್ಟು ದೂರ ಹೋಗಿಲ್ಲ. ನಮ್ಮ ಜಿಲ್ಲೆಯ ಕಣಶಿಲೆಗಳಲ್ಲಿ, ಅಭ್ರಕದ ಜಾತಿಯ ಕಪ್ಪು ಖನಿಜಗಳಲ್ಲಿ ಫ್ಲೋರಿನ್ ಅಡಗಿದೆ. ಮಳೆಯ ನೀರು ಕೆರೆಯಲ್ಲಿ ನಿಂತಾಗ, ಮೇಲ್ಪದರದ ಬಾವಿಗೆ ಇಳಿದಾಗ ಬಂಡೆಯೊಡನೆ ಅದರ ಸಹವಾಸ ಸ್ವಲ್ಪವೇ. ನೂರಾರು ಅಡಿಯ ಕೆಳಗೆ ಬಿರುಕುಗಳಲ್ಲಿ ವರ್ಷಗಟ್ಟಲೆ ಸೆರೆಯಾದ ನೀರಾದರೋ ಬಂಡೆಯನ್ನು ನೆಕ್ಕುತ್ತಲೇ ಇರುತ್ತದೆ. ಆ ನೀರು ಕ್ಷಾರವಾಗಿದ್ದು, ಅದರಲ್ಲಿ ಕ್ಯಾಲ್ಸಿಯಂ ಕಡಮೆಯಿದ್ದರೆ ಫ್ಲೋರೈಡು ಕೆಳಗೆ ಕೂರದೆ ನೀರಿನಲ್ಲೇ ಉಳಿಯುತ್ತದೆ. ಮಳೆ ಕಡಮೆ, ಕೆರೆ ಖಾಲಿ, ಬಾವಿ ಬತ್ತಿತು, ಬೋರು ಆಳವಾಯಿತು: ನನ್ನ ಹಲ್ಲಿನ ಪಟ್ಟೆಯ ಹಿಂದಿರುವ ಚರಿತ್ರೆ ಇಷ್ಟೆ.

ಚರಿತ್ರೆ ಎಂದ ಮೇಲೆ ಚಂದ್ರವಳ್ಳಿಯ ಮಾತು ಬಾರದೆ ಇರುವುದೆಂತು? ಭಾನುವಾರ ಸಂಜೆ ನಾವೆಲ್ಲ ಅಲ್ಲಿಗೆ ನಡೆದುಹೋಗುವವರೇ. 1929ರ ಸುಮಾರಿಗೆ ಡಾ. ಎಂ. ಎಚ್. ಕೃಷ್ಣ ಅವರೂ 1947ರಲ್ಲಿ ವೀಲರ್ ಅವರೂ ಅಲ್ಲಿ ನೆಲ ಅಗೆದು ಪದರ ಪದರವಾಗಿ ಹಳೆಯ ಊರನ್ನು ಓದಿದರು. ರೋಮಿನ ಬೆಳ್ಳಿನಾಣ್ಯ ಸಿಕ್ಕಿತೆಂದು ನಾವು ಪರೀಕ್ಷೆಯಲ್ಲಿ ಬರೆಯುತ್ತೇವೆ. ನನಗೆ ಆ ನಾಣ್ಯಕ್ಕಿಂತ ಭೈರವೇಶ್ವರ ಗುಡಿಯ ಬಳಿಯ ಬಂಡೆಯ ಮೇಲಿನ ಪ್ರಾಕೃತ ಶಾಸನ ಹೆಚ್ಚಿನದಾಗಿ ಕಾಣುತ್ತದೆ. ನಾಲ್ಕನೆಯ ಶತಮಾನದ್ದೆಂದು ವಿದ್ವಾಂಸರು ಹೇಳುವ ಆ ಮೂರೇ ಸಾಲುಗಳಲ್ಲಿ ಕದಂಬರ ಮಯೂರಶರ್ಮನು ಗೆದ್ದ ರಾಜರ ಹೆಸರುಗಳಿವೆ ನಿಜ. ಆದರೆ ಶಾಸನ ಹುಟ್ಟಿದ್ದು ಅವನು ಅಲ್ಲಿ ಒಂದು ಕೆರೆ ಕಟ್ಟಿಸಿದ ಕಾರಣದಿಂದ. ನೀರು ಎಲ್ಲಿಂದ ಬಂದಿತು, ಯಾರಿಂದ ಬಂದಿತು ಎಂಬುದನ್ನು ನೀರಿನ ಪಕ್ಕದಲ್ಲಿಯೇ ಬರೆದಿಡಬೇಕೆಂಬ ಬುದ್ಧಿ ಆ ಕಾಲದವರಿಗಿತ್ತು.

ಇನ್ನು ಈಚಿನ ಸಂಶೋಧನೆಗಳಿಗೆ ಬರೋಣ. ಮೊದಲು ವೈದ್ಯಶಾಸ್ತ್ರ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯವರು 2002ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ನನಗೆ ಬಹಳ ಹಿಡಿಸಿತು. ಹುಡುಗರಿಗೆ ದಿನವೂ 10 ಗ್ರಾಂ ಹುಣಿಸೆಹಣ್ಣನ್ನು 18 ದಿನ ಕೊಟ್ಟು ನೋಡಿದರು. ಮೂತ್ರದಲ್ಲಿ ಹೊರಹೋಗುವ ಫ್ಲೋರೈಡು ಹೆಚ್ಚಾಯಿತು. ನಮ್ಮ ಹುಳಿಸಾರಿಗೆ ಇಂಥ ಗುಣವಿದೆಯೆಂದು ಅಜ್ಜಿಗೆ ಹೇಳಿದಾಗ ಅವಳಿಗೆ ಆಶ್ಚರ್ಯವೇನೂ ಆಗಲಿಲ್ಲ. ಆದರೆ ಹುಣಿಸೆಹಣ್ಣು ತಿಂದು ಕೆಟ್ಟ ನೀರು ಕುಡಿಯಬಹುದೆಂದು ಯಾರೂ ತಿಳಿಯಬಾರದು. 2024ರ ಆಗಸ್ಟಿನಲ್ಲಿ ಅಮೆರಿಕದ ರಾಷ್ಟ್ರೀಯ ವಿಷಶಾಸ್ತ್ರ ಕಾರ್ಯಕ್ರಮದವರು ಭಾರತವೂ ಸೇರಿದಂತೆ ಹಲವು ದೇಶಗಳ ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿ, ಲೀಟರಿಗೆ 1.5 ಮಿಲಿಗ್ರಾಮಿಗಿಂತ ಹೆಚ್ಚು ಫ್ಲೋರೈಡು ಇರುವ ನೀರಿಗೂ ಮಕ್ಕಳ ಬುದ್ಧಿಯ ಅಳತೆ ತಗ್ಗುವುದಕ್ಕೂ ಸಂಬಂಧವಿದೆಯೆಂದು ಮಧ್ಯಮ ಪ್ರಮಾಣದ ಭರವಸೆಯಿಂದ ಹೇಳಿದ್ದಾರೆ. ಅದಕ್ಕಿಂತ ಕಡಮೆಯ ನೀರಿನ ವಿಷಯದಲ್ಲಿ ತೀರ್ಮಾನ ಕೊಟ್ಟಿಲ್ಲ. (ಪ್ರೌಢಶಾಲೆಯಲ್ಲಿ ನನಗೆ ಬಂದ ಗಣಿತದ ಅಂಕಗಳಿಗೆ ಇದನ್ನು ನೆಪವಾಗಿ ಒಡ್ಡುವ ಆಸೆಯೇನೋ ಆಯಿತು, ನಮ್ಮ ಮೇಷ್ಟ್ರು ಒಪ್ಪಲಾರರು.) ನಮ್ಮ ದೇಶದ ಮಾನಕದಂತೆ ಇರಬೇಕಾದ ಮಿತಿ ಲೀಟರಿಗೆ 1 ಮಿಲಿಗ್ರಾಂ; ಬೇರೆ ನೀರೇ ಇಲ್ಲದಿದ್ದರೆ 1.5.

ಜೀವಶಾಸ್ತ್ರದ ಸುದ್ದಿ ಇನ್ನೂ ಸೊಗಸಾಗಿದೆ. 2012ರಲ್ಲಿ ಯೇಲ್ ವಿಶ್ವವಿದ್ಯಾಲಯದ ರೊನಾಲ್ಡ್ ಬ್ರೇಕರ್ ಮತ್ತು ಸಂಗಡಿಗರು, ಬ್ಯಾಕ್ಟೀರಿಯಗಳೊಳಗೆ ಫ್ಲೋರೈಡನ್ನು ಗುರುತಿಸುವ ಒಂದು ಕೀಲಿಯಿದೆಯೆಂದು ಕಂಡುಹಿಡಿದರು. ಫ್ಲೋರೈಡು ಒಳಗೆ ಬಂದೊಡನೆ ಆ ಕೀಲಿ ತಿರುಗಿ, ಅದನ್ನು ಹೊರಗೆ ಅಟ್ಟುವ ಪ್ರೋಟೀನು ತಯಾರಾಗುತ್ತದೆ. ಕಣ್ಣಿಗೆ ಕಾಣದ ಜೀವಿಗೆ ತಾನು ಕುಡಿಯುವ ನೀರಿನಲ್ಲಿ ಏನಿದೆಯೆಂದು ಗೊತ್ತು! ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಜೂಲಿಯಸ್ ಲಕ್ಸ್ ಅವರ ತಂಡದವರು ಅದೇ ಕೀಲಿಯನ್ನು ಒಣಗಿಸಿ ಪುಟ್ಟ ನಳಿಗೆಯಲ್ಲಿಟ್ಟು, ಒಂದು ಹನಿ ನೀರು ಹಾಕಿದರೆ ಹಳದಿಯಾಗುವಂತೆ ಮಾಡಿದರು. ಮೊದಲು ಕೋಸ್ಟರಿಕಾದ ಅಗ್ನಿಪರ್ವತದ ಬಳಿಯ ನೀರಿನಲ್ಲಿ, ಆಮೇಲೆ ಕೀನ್ಯಾದ ಹಳ್ಳಿಗಳಲ್ಲಿ ಅದನ್ನು ಪರೀಕ್ಷಿಸಿ ನೋಡಿದರು.

ನೀರನ್ನು ತಿದ್ದುವ ವಸ್ತುಗಳ ಕತೆ ಹಳೆಯದು. ನಾಗಪುರದ ಸಂಶೋಧನಾಲಯದವರು 1975ರ ಹೊತ್ತಿಗೇ ಸುಣ್ಣ ಮತ್ತು ಪಟಿಕದಿಂದ ಫ್ಲೋರೈಡು ಇಳಿಸುವ ನಲಗೊಂಡ ವಿಧಾನವನ್ನು ರೂಪಿಸಿದರು. ಅನಂತರ ಅಲ್ಯೂಮಿನದ ಹರಳುಗಳು ಬಂದವು. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದವರು ಮೆಗ್ನೀಸಿಯಂ ಆಕ್ಸೈಡಿನ ಪುಡಿಯಿಂದ ಫ್ಲೋರೈಡನ್ನು ಹಿಡಿದು, ಉಳಿದ ರೊಚ್ಚನ್ನು ಮಣ್ಣಿನ ಇಟ್ಟಿಗೆಯಲ್ಲಿ ಬೆರೆಸುವ ಉಪಾಯವನ್ನು ತೋರಿಸಿದರು. ರೊಚ್ಚನ್ನು ಎಲ್ಲಿ ಹಾಕಬೇಕೆಂದು ಯೋಚಿಸಿದುದೇ ನನಗೆ ದೊಡ್ಡದಾಗಿ ಕಾಣುತ್ತದೆ. ಏಕೆಂದರೆ ಈಗ ಹಳ್ಳಿಹಳ್ಳಿಗೂ ಬಂದಿರುವ, ನಾಣ್ಯ ಹಾಕಿದರೆ ಕ್ಯಾನು ತುಂಬುವ ಶುದ್ಧ ನೀರಿನ ಘಟಕ ತಾನು ಬಸಿದ ಕೆಟ್ಟ ನೀರನ್ನು ಪಕ್ಕದ ಚರಂಡಿಗೆ ಬಿಡುತ್ತದೆ. ಅದು ಮತ್ತೆ ನೆಲಕ್ಕೇ ಇಳಿಯುತ್ತದೆ. ಒಂದು ಘಟಕ ಕೆಟ್ಟು ನಿಂತರೆ ಎಷ್ಟು ತಿಂಗಳು ಬೀಗ ಬೀಳುತ್ತದೆಂಬುದನ್ನು ಹಳ್ಳಿಯಿಂದ ಬರುವ ಮಿತ್ರರಿಗೆ ನಾನು ಹೇಳಬೇಕಾಗಿಲ್ಲ. ಘಟಕ ನಡೆಯುವಾಗಲೂ ಕುಡಿಯಲು ಮಾತ್ರ ಫಿಲ್ಟರ್ ನೀರು, ಮುದ್ದೆಗೂ ಸಾರಿಗೂ ನಲ್ಲಿಯ ನೀರೇ. ಕಾಯಿಸಿದರೆ ದೋಷ ಹೋಗುತ್ತದೆಂದು ನಮ್ಮ ತಾಯಿಯೂ ನಂಬಿದ್ದಳು. ಕಾಯಿಸಿದರೆ ಕ್ರಿಮಿ ಸಾಯುತ್ತದೆ. ಫ್ಲೋರೈಡು ಹೋಗುವುದಿಲ್ಲ, ನೀರು ಇಂಗಿದಷ್ಟೂ ಅದು ಗಟ್ಟಿಯಾಗುತ್ತದೆ.

ಹೀಗೆ ತಿಳಿವಳಿಕೆಗೆ ಬರವೇನೂ ಇಲ್ಲ. ಆ ವಿಜ್ಞಾನ ಮಂದಿರದ ಎರಡನೆಯ ಆವರಣ ನಮ್ಮ ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿಯೇ ಇದೆ. ಚಳ್ಳಕೆರೆಯ ವೈಮಾನಿಕ ಪರೀಕ್ಷಾ ನೆಲೆಯಲ್ಲಿ 2023ರ ಏಪ್ರಿಲ್ 2ರಂದು ಇಸ್ರೋದ ರೆಕ್ಕೆಯ ವಾಹನ ಆಕಾಶದಿಂದ ತಾನೇ ದಾರಿ ನೋಡಿಕೊಂಡು ಇಳಿಯಿತು. ನನಗೂ ಹೆಮ್ಮೆಯಾಯಿತು. ನನ್ನ ದೂರು ಸಂಶೋಧನೆ ಸಾಲದೆಂದಲ್ಲ. ತಿಳಿದದ್ದು ಕೊನೆಯ ನೂರು ಗಜ ನಡೆದು ಕೊಳಾಯಿಯ ಹತ್ತಿರ ಬರುವುದಿಲ್ಲವೆಂಬುದೇ ನನ್ನ ದೂರು.

ದಸರಾ ರಜೆಯಲ್ಲಿ ಊರಿನಲ್ಲಿದ್ದಾಗ ಮಹಿಳಾ ಸಂಘದ ಅಕ್ಕ ಒಬ್ಬರು ನೀರು ಪರೀಕ್ಷೆಯ ಪೆಟ್ಟಿಗೆ ಹಿಡಿದು ಬಂದರು. 2019ರಲ್ಲಿ ಆರಂಭವಾದ ಜಲಜೀವನ ಯೋಜನೆಯಲ್ಲಿ ಊರಿಗೆ ಐದು ಮಂದಿ ಹೆಂಗಸರಿಗೆ ಈ ಕೆಲಸ ಕಲಿಸುತ್ತಾರೆ. ನೀರಿನ ತೊಟ್ಟಿಗೆ ತುಂಬುವ ಬೋರಿನ ನೀರಿಗೆ ಅವರು ಮದ್ದು ಹಾಕಿದರು. ಕೆಂಪಗಿದ್ದುದು ನೋಡನೋಡುತ್ತ ಹಳದಿಗೆ ತಿರುಗಿ, ಬಣ್ಣದ ಪಟ್ಟಿಯ ಕೊನೆಯ ಮನೆಗೆ ಹೋಗಿ ನಿಂತಿತು.

"ಇದನ್ನ ಯಾರಿಗೆ ಹೇಳ್ತೀರಕ್ಕಾ?" ಎಂದೆನು.

"ಮೊಬೈಲಿನಾಗೆ ಹಾಕ್ತೀವಿ ಕಣಪ್ಪ. ಊರಾಗೆ ಯಾರೂ ಕೇಳಿಲ್ಲ."

ಕೇಳುವವರು ಏನೆಂದು ಕೇಳಬೇಕು? ಕೊಳವೆ ಬಾವಿಯ ಪಕ್ಕದ ಗೋಡೆಯ ಮೇಲೆ ಕಾಮಗಾರಿಯ ಹೆಸರು, ಹಣದ ಮೊತ್ತ, ಉದ್ಘಾಟಿಸಿದವರ ಹೆಸರು ಎಲ್ಲವೂ ಇವೆ. ನೀರಿನಲ್ಲಿ ಏನಿದೆ ಎಂಬುದೊಂದು ಇಲ್ಲ. ನನ್ನ ಅಭಿಪ್ರಾಯವಿಷ್ಟೆ: ಪ್ರತಿಯೊಂದು ಕೊಳವೆ ಬಾವಿಯ ಮೇಲೂ ಅದರ ಫ್ಲೋರೈಡಿನ ಅಂಕಿ, ಪರೀಕ್ಷೆಯ ತಾರೀಖು, ಕುಡಿಯಲು ಅಡಿಗೆಗೆ ಆಗುತ್ತದೆಯೇ ಬಟ್ಟೆಗೆ ದನಕ್ಕೆ ಮಾತ್ರವೇ ಎಂಬುದು ಅಜ್ಜಿಗೂ ಓದಿ ಹೇಳಬಹುದಾದ ಕನ್ನಡದಲ್ಲಿ ಬರೆದಿರಬೇಕು. ಇದಕ್ಕೆ ವಿಜ್ಞಾನಿ ಬೇಕಾಗಿಲ್ಲ. ಕಲಾ ಕಾಲೇಜಿನವರು ಸಾಕು.

ಹೀಗೆ ಬರೆದರೆ ಜನ ಗಾಬರಿಯಾಗುತ್ತಾರೆ, ಬೇರೆ ನೀರು ಕೊಡದೆ ಹೆದರಿಸುವುದು ಧರ್ಮವೇ ಎಂದು ಗುರುಗಳೊಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆ. ಬಂಗ್ಲಾದೇಶದಲ್ಲಿ ಕೊಳವೆ ಬಾವಿಗಳಲ್ಲಿ ಆರ್ಸೆನಿಕ್ ವಿಷ ಕಂಡಾಗ 2000ದಿಂದ 2003ರವರೆಗೆ ಸುಮಾರು 50 ಲಕ್ಷ ಬಾವಿಗಳನ್ನು ಪರೀಕ್ಷಿಸಿ, ಕೆಟ್ಟದ್ದಕ್ಕೆ ಕೆಂಪು, ಒಳ್ಳೆಯದಕ್ಕೆ ಹಸಿರು ಬಣ್ಣ ಬಳಿದರು. ಎಷ್ಟೋ ಮಂದಿ ಕೆಂಪನ್ನು ಬಿಟ್ಟು ನೆರೆಯವರ ಹಸಿರು ಬಾವಿಗೆ ಹೋದರು. ನಮ್ಮೂರಿನಲ್ಲಿಯೂ ಬೇರೆ ನೀರು ಇಲ್ಲವೆಂದಿಲ್ಲ. ಮಳೆಗಾಲದಲ್ಲಿ ಮಾಡಿನ ನೀರು ಹಿಡಿದರೆ ಅದರಲ್ಲಿ ಫ್ಲೋರೈಡು ಇಲ್ಲವೆನ್ನುವಷ್ಟು ಕಡಮೆ. ವೇದಾವತಿಗೆ ಕಟ್ಟಿದ ನಮ್ಮ ಮಾರಿಕಣಿವೆ 1933ರ ತರುವಾಯ 2022ರಲ್ಲಿ ಮತ್ತೆ ಕೋಡಿ ಬಿದ್ದಾಗ ಜಾತ್ರೆಗೆ ಹೋದಂತೆ ಹೋಗಿ ನೋಡಿ ಬಂದೆವು. ಆ ನೀರು ಬರುವ ಊರಿಗೂ ಬಾರದ ಊರಿಗೂ ಇರುವ ಅಂತರವನ್ನು ಬಂಡೆಯ ಲೆಕ್ಕದಲ್ಲಿ ನಾವು ಯೋಚಿಸಿರಲಿಲ್ಲ. ಗೋಡೆಯ ಮೇಲೆ ಅಂಕಿ ಇದ್ದರೆ ಯಾವ ನೀರನ್ನು ಕೇಳಬೇಕೆಂಬುದು ಜನರಿಗೆ ತಿಳಿಯುತ್ತದೆ. ಎಂಟು ವರ್ಷದೊಳಗಿನ ಮಕ್ಕಳಿಗಾದರೂ ಮನೆಯಲ್ಲಿ ಒಂದು ಕೊಡ ಒಳ್ಳೆಯ ನೀರನ್ನು ಬೇರೆ ಇಡುತ್ತಾರೆ.

ಬಂಗ್ಲಾದೇಶದ ಬಣ್ಣ ಕೆಲವು ವರ್ಷಗಳಲ್ಲಿ ಮಾಸಿಹೋಯಿತಂತೆ. ಆದುದರಿಂದ ಪ್ರತಿ ವರ್ಷವೂ ಹೊಸದಾಗಿ ಪರೀಕ್ಷಿಸಿ ಬರೆಯಬೇಕಾಗುತ್ತದೆ. ಬರುವ ಸೇವಾ ಶಿಬಿರದಲ್ಲಿ ಒಂದು ಹಳ್ಳಿಯ ಬೋರುಗಳಿಗೆಲ್ಲ ಹೀಗೆ ಬರೆಯಲು ನಾವು ಆರು ಮಂದಿ ಅನುಮತಿ ಕೇಳಿ ಪ್ರಾಂಶುಪಾಲರಿಗೆ ಅರ್ಜಿ ಕೊಟ್ಟಿದ್ದೇವೆ. ಸಂಘದ ಅಕ್ಕನವರು ಪೆಟ್ಟಿಗೆ ತರಲು ಒಪ್ಪಿದ್ದಾರೆ. ಎರಡು ಡಬ್ಬಿ ಬಣ್ಣ, ನಾಲ್ಕು ಕುಂಚ ಆಗಲೇ ಕೊಂಡಾಗಿದೆ. ಗೋಡೆಯ ಮೇಲೆ ದುಂಡಾಗಿ ಅಕ್ಷರ ಬರೆಯಬಲ್ಲ ಇಬ್ಬರು ಬೇಕಾಗಿದ್ದಾರೆ. ಮನಸ್ಸಿದ್ದವರು ಇತಿಹಾಸ ವಿಭಾಗದಲ್ಲಿ ನನ್ನನ್ನು ಕಾಣಬಹುದು.