ತಡವಾಗಿ ಬಿತ್ತಿದ ಹೂಕೋಸು

ಕೀಲ್ಪಾಕ್ ಗಾರ್ಡನ್ ರಸ್ತೆಯ ಹೆಸರಿನಲ್ಲಿ ತೋಟವುಂಟು. ಅದರ ಸಮೀಪದ ನಮ್ಮ ವಸತಿ ಸಮುಚ್ಚಯದಲ್ಲಿ ತೋಟವೆಂದರೆ ತಾರಸಿಯ ಮೇಲಿನ ಹದಿನಾಲ್ಕು ಕುಂಡಗಳು. ಹಾಸನದಿಂದ ಬಂದು ನಮ್ಮೊಡನೆ ನೆಲೆಸಿದ ವೃದ್ಧ ತಾಯಿಯವರಿಗೆ ಸೊಪ್ಪು ತರಕಾರಿಗಳನ್ನು ಹೆಚ್ಚಿಸುವಂತೆ ವೈದ್ಯರು ತಿಳಿಸಿದ್ದರು. ಅವರಿಗೋ ಇಲ್ಲಿನ ಪೇಟೆಯ ತರಕಾರಿ ರುಚಿಸದು. "ನಮ್ಮೂರ ನವಿಲುಕೋಸಿನ ಹಾಗಿಲ್ಲ ಕಣೋ" ಎಂದು ತಟ್ಟೆಯ ಅಂಚಿಗೆ ಸರಿಸುವರು. ಅವರ ತೂಕ ಇಳಿಯತೊಡಗಿದಾಗ ನನಗೆ ತೋಟದ ಯೋಚನೆ ಬಂದಿತು.

ಬ್ಯಾಂಕಿನಲ್ಲಿ ಡಿಸೆಂಬರ್ ತ್ರೈಮಾಸಿಕದ ಲೆಕ್ಕ ಮುಗಿಯುವವರೆಗೆ ಬಿಡುವಿರಲಿಲ್ಲ. ಸಂಕ್ರಾಂತಿಯ ದಿನ ಹೂಕೋಸು, ನವಿಲುಕೋಸು, ಮೂಲಂಗಿಗಳನ್ನು ಬಿತ್ತಿದೆ. ಊರಿನಲ್ಲಿ ಆಗ ಹೊದ್ದ ಕಂಬಳಿಯನ್ನು ತೆಗೆಯಲು ಮನಸ್ಸಾಗದು; ಇಲ್ಲಿಯೂ ಚಳಿಗಾಲವೇ ತಾನೆ ಎಂಬುದು ನನ್ನ ಎಣಿಕೆ. ಹಾಸನವು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿರುವ ಊರೆಂಬುದು ನೆನಪಾಗಲಿಲ್ಲ. ಚೆನ್ನೈಯಲ್ಲಿ ಜನವರಿಯ ರಾತ್ರಿಯೂ ಸುಮಾರು 21 ಡಿಗ್ರಿಯಷ್ಟು ಬೆಚ್ಚಗಿರುತ್ತದೆ.

ವಾಣಿಜ್ಯಶಾಸ್ತ್ರ ಓದಿದವನು ಅವಧಿಯ ಲೆಕ್ಕವನ್ನಾದರೂ ಹಾಕಬೇಕಾಗಿತ್ತು. ಹೂಕೋಸಿನ ಸಸಿ ನಾಟಿಗೆ ಬರಲು ಒಂದು ತಿಂಗಳು. ಬಳಿಕ ಕೊಯ್ಲಿಗೆ ಎರಡೂವರೆ, ಮೂರು ತಿಂಗಳು. ಅಂದರೆ ಇಲ್ಲಿನವರು ಕತ್ತಿರಿ ಎಂದು ಕರೆಯುವ ಮೇ ತಿಂಗಳ ಬಿಸಿಲಿಗೆ ನನ್ನ ಠೇವಣಿ ಪಕ್ವವಾಗಬೇಕಾಗಿತ್ತು! ಹೂ ಕಟ್ಟಲು ತಂಪು ಬೇಕು. ಬಂದದ್ದು ಬರೀ ಎಲೆ. ನವಿಲುಕೋಸು ಕಟ್ಟಿಗೆಯಂತಾಯಿತು, ಮೂಲಂಗಿ ಗಡ್ಡೆ ಕೂಡದೆ ಹೂಬಿಟ್ಟಿತು. ಅದರ ಎಳೆಯ ಕಾಯಿಗಳನ್ನು ತಾಯಿಯವರು ಪಲ್ಯ ಮಾಡಿ, ಅಚ್ಚರಿಯೆಂಬಂತೆ, ತಾವೇ ಎರಡನೆಯ ಬಾರಿ ಬಡಿಸಿಕೊಂಡರು.

ಊರನ್ನು ಬಿಟ್ಟು ಬಂದ ನಾವು ಊರಿನ ಪಂಚಾಂಗವನ್ನು ಬಿಡುವುದಿಲ್ಲ. ತಪ್ಪು ಅಲ್ಲಿದೆ ಎಂಬುದು ನನ್ನ ಅಭಿಪ್ರಾಯ. ಇಲ್ಲಿನ ದೊಡ್ಡ ಮಳೆ ಅಕ್ಟೋಬರಿನಿಂದ ಡಿಸೆಂಬರಿನವರೆಗೆ. ಆದ್ದರಿಂದ ಕೋಸಿನ ಬೀಜಗಳನ್ನು ಅಕ್ಟೋಬರಿನಲ್ಲಿಯೇ ಮಳೆ ತಾಗದ ಬಾಲ್ಕನಿಯಲ್ಲಿ ಮೊಳೆಯಿಸಿ, ನವೆಂಬರಿನಲ್ಲಿ ಮಳೆ ಬಿಡುವು ಕೊಟ್ಟಾಗ ಕುಂಡಕ್ಕೆ ನೆಡಬೇಕು. ಆ ಕಾಲ ತಪ್ಪಿತೇ? ಹಟ ಬೇಡ. ಜನವರಿಯಲ್ಲಿ ಮೆಂತ್ಯದ ಸೊಪ್ಪನ್ನು ಬಿತ್ತಿದರೆ ತಿಂಗಳೊಳಗೆ ಅಡುಗೆಮನೆಗೆ ಬರುವುದು. ಅನಂತರ ಹರಿವೆ, ದಂಟು, ಬೆಂಡೆ, ಅಲಸಂದೆ ಇವು ಸೆಕೆಗೆ ಅಂಜುವುದಿಲ್ಲ. ಹಸಿರು ಪರದೆ ಕಟ್ಟಿದರೆ ಎಲ್ಲವೂ ಬೆಳೆಯುವುದೆಂಬ ಮಿತ್ರರ ಸಲಹೆಯನ್ನು ನಾನು ಒಪ್ಪೆನು. ಪರದೆಯು ಬಿಸಿಲನ್ನು ತಡೆದೀತು, ರಾತ್ರಿಯ ಸೆಕೆಯನ್ನಲ್ಲ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2024ರಲ್ಲಿ ಪ್ರಕಟಿಸಿದ ಆಹಾರಸೂತ್ರದಂತೆ ದಿನಕ್ಕೆ 2000 ಕ್ಯಾಲೊರಿಯ ಊಟದಲ್ಲಿ ತರಕಾರಿ 400 ಗ್ರಾಂ ಇರಬೇಕು. ಹದಿನಾಲ್ಕು ಕುಂಡಗಳು ಅಷ್ಟನ್ನು ಕೊಡಲಾರವು. ಪೇಟೆಗೆ ಹೋಗದೆ ವಿಧಿಯಿಲ್ಲ. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಸೇವಿಸುವ ಹಿರಿಯರು ಮಾತ್ರ ಸೊಪ್ಪಿನ ಪ್ರಮಾಣವನ್ನು ಒಮ್ಮೆಲೇ ಏರಿಸದೆ ವೈದ್ಯರನ್ನು ಕೇಳುವುದು ಅಗತ್ಯ.

ತಾಯಿಯವರು ಈಗ ಬೆಳಗ್ಗೆ ತಾವೇ ತಾರಸಿಗೆ ಹೋಗಿ ಹರಿವೆ ಕೊಯ್ದು ತರುತ್ತಾರೆ. ತೂಕ ಒಂದು ಕಿಲೋ ಏರಿದೆ. ಅದಕ್ಕೆ ಸೊಪ್ಪೇ ಕಾರಣವೆನ್ನಲಾರೆ. ಮೆಟ್ಟಿಲು ಹತ್ತಿ ಬಂದ ಹಸಿವಿಗೂ ಪಾಲಿದ್ದೀತು. ಉಳಿದ ಹೂಕೋಸಿನ ಬೀಜವನ್ನು ಅವರು ಡಬ್ಬಿಯಲ್ಲಿ ಕಟ್ಟಿಟ್ಟು, ಮುಚ್ಚಳದ ಮೇಲೆ "ಅಕ್ಟೋಬರ್" ಎಂದು ನನ್ನಿಂದಲೇ ಬರೆಯಿಸಿದ್ದಾರೆ.