ಎರಡು ಕೇಬಲ್ ಹಾಕಿದರೆ ವೇಗ ಇಮ್ಮಡಿಯೇ?

ಬೆಂಗಳೂರಿಗೆ ಕಾವೇರಿ ನೀರಿನ ಮೊದಲ ಹಂತ ಬಂದದ್ದು 1974ರಲ್ಲಿ. ನಗರ ಬೆಳೆದಂತೆ ಆ ನೀರು ಸಾಲದಾಯಿತು. ತೊರೆಕಾಡನಹಳ್ಳಿಯಿಂದ ಹಂತಹಂತವಾಗಿ ಹೊಸ ಕೊಳವೆ ಮಾರ್ಗಗಳು ಸೇರುತ್ತ ಹೋದವು. 2024ರ ಅಕ್ಟೋಬರಿನಲ್ಲಿ ಐದನೆಯ ಹಂತ ಉದ್ಘಾಟನೆಯಾಯಿತು. ಮನೆಯ ಸಂಪಿಗೆ ಬೀಳುವ ನೀರು ಯಾವ ಕೊಳವೆಯಲ್ಲಿ ಬಂತು, ಯಾವ ಹನಿ ಮೊದಲು ಬಂತು ಎಂದು ಯಾರೂ ಕೇಳುವುದಿಲ್ಲ. ಕೊಳವೆ ಹೆಚ್ಚಿದರೆ ನೀರು ಹೆಚ್ಚು, ಅಷ್ಟೆ.

ಕಂಪ್ಯೂಟರ್ ಜಾಲದಲ್ಲಿ ಲೆಕ್ಕ ಇಷ್ಟು ಸರಳವಲ್ಲ. ರಾಜಾಜಿನಗರದಲ್ಲಿ ಒಂದು ಕಾಲೇಜು ಇದೆ ಎಂದಿಟ್ಟುಕೊಳ್ಳಿ. ಎರಡನೆಯ ಮಹಡಿಯ ಲ್ಯಾಬಿನಲ್ಲಿ 40 ಕಂಪ್ಯೂಟರುಗಳು. ಎಲ್ಲವೂ ಒಂದು ಈಥರ್‌ನೆಟ್ ಸ್ವಿಚ್ಚಿಗೆ ಜೋಡಣೆಯಾಗಿವೆ. ನೆಲಮಹಡಿಯ ಇನ್ನೊಂದು ಸ್ವಿಚ್ಚಿನಲ್ಲಿ ಹಲವು ಸರ್ವರುಗಳಿವೆ. ಎರಡು ಸ್ವಿಚ್ಚುಗಳ ನಡುವೆ ಒಂದೇ ಒಂದು ಗಿಗಾಬಿಟ್ ಕೇಬಲ್, ಅಂದರೆ ಸೆಕೆಂಡಿಗೆ 100 ಕೋಟಿ ಬಿಟ್‌ಗಳ ದಾರಿ. 40 ವಿದ್ಯಾರ್ಥಿಗಳೂ ಒಟ್ಟಿಗೆ ಕೂತರೆ ತಲಾ ಸಿಗುವುದು ಎರಡೂವರೆ ಕೋಟಿ ಬಿಟ್ ಮಾತ್ರ. ‘ಇನ್ನೊಂದು ಕೇಬಲ್ ಎಳೆದುಬಿಡಿ’ ಎಂದು ಯಾರಾದರೂ ಹೇಳುವುದು ಸಹಜ.

ಆದರೆ ಸುಮ್ಮನೆ ಇನ್ನೊಂದನ್ನು ಚುಚ್ಚಿದರೆ ಅಪಾಯ. ಎಲ್ಲರಿಗೂ ತಲುಪಬೇಕಾದ ಒಂದು ಸಂದೇಶ ಮೊದಲ ಕೇಬಲಿನಲ್ಲಿ ಹೋಗಿ ಎರಡನೆಯದರಲ್ಲಿ ಹಿಂತಿರುಗುತ್ತದೆ, ಮತ್ತೆ ಹೊರಡುತ್ತದೆ. ಗಾಣದ ಎತ್ತಿನಂತೆ ಸುತ್ತುವ ಇಂಥ ಸಂದೇಶಗಳೇ ತುಂಬಿ ಕ್ಷಣಗಳಲ್ಲಿ ಜಾಲ ಕಟ್ಟಿಹೋಗುತ್ತದೆ. ಇದನ್ನು ತಡೆಯುವ ‘ಸ್ಪ್ಯಾನಿಂಗ್ ಟ್ರೀ’ ವಿಧಾನವನ್ನು 1985ರಲ್ಲಿ ಅಮೆರಿಕದ ರೇಡಿಯಾ ಪರ್ಲ್‌ಮನ್ ರೂಪಿಸಿದರು. ಆ ವಿಧಾನ ಸುತ್ತನ್ನು ಕಂಡುಹಿಡಿದು ಒಂದು ಕೇಬಲನ್ನು ಮುಚ್ಚಿಬಿಡುತ್ತದೆ. ಜಾಲ ಉಳಿಯಿತು, ಆದರೆ ಹೊಸ ಕೇಬಲ್ ವ್ಯರ್ಥವಾಯಿತು!

ಎರಡೂ ದುಡಿಯಬೇಕಾದರೆ ಅವು ಒಂದೇ ಕೇಬಲ್ ಎಂದು ಸ್ವಿಚ್ಚುಗಳು ಭಾವಿಸಬೇಕು. ಇದೇ ‘ಲಿಂಕ್ ಅಗ್ರಿಗೇಷನ್’, ಅಂದರೆ ಕೊಂಡಿಗಳನ್ನು ಒಗ್ಗೂಡಿಸುವುದು. ಇದರ ನಿಯಮಗಳು 2000ದಲ್ಲಿ ಐಇಇಇ ಸಂಸ್ಥೆಯ 802.3ಎಡಿ ಮಾನಕವಾಗಿ ಬಂದವು, 2008ರಲ್ಲಿ 802.1ಎಎಕ್ಸ್ ಎಂಬ ಬೇರೆ ಮಾನಕವಾದವು. ಎರಡೂ ತುದಿಯ ಸ್ವಿಚ್ಚುಗಳು 30 ಸೆಕೆಂಡಿಗೊಮ್ಮೆ ಅಥವಾ ಸೆಕೆಂಡಿಗೊಮ್ಮೆ ಪರಸ್ಪರ ಕುಶಲ ವಿಚಾರಿಸಿಕೊಳ್ಳುತ್ತವೆ. ಒಂದು ಕೇಬಲನ್ನು ಇಲಿ ಕಡಿದರೆ ಉಳಿದದ್ದು ಇಡೀ ಭಾರ ಹೊರುತ್ತದೆ. ಪರೀಕ್ಷೆಯ ದಿನ ಲ್ಯಾಬ್ ನಿಧಾನವಾಗಬಹುದು, ನಿಲ್ಲುವುದಿಲ್ಲ.

ಈಗ ಹೇಳಿ, ಹಾಗಾದರೆ ಒಂದು ಸಿನಿಮಾ ಫೈಲು ಎರಡು ಪಟ್ಟು ವೇಗದಲ್ಲಿ ಬರುತ್ತದೆಯೇ? ಇಲ್ಲ. ನೀರಿಗೂ ಮಾಹಿತಿಗೂ ಇರುವ ವ್ಯತ್ಯಾಸ ಇಲ್ಲಿದೆ. ಫೈಲು ಸಾಮಾನ್ಯವಾಗಿ ತಲಾ 1,500 ಬೈಟ್ ಮೀರದ ಕಟ್ಟುಗಳಾಗಿ ಹೊರಡುತ್ತದೆ. ಒಂದು ಕಟ್ಟು ಈ ಕೇಬಲಿನಲ್ಲಿ, ಮುಂದಿನದು ಆ ಕೇಬಲಿನಲ್ಲಿ ಹೋದರೆ ಐದನೆಯದು ನಾಲ್ಕನೆಯದಕ್ಕಿಂತ ಮೊದಲೇ ಮುಟ್ಟಬಹುದು. ಕ್ರಮ ತಪ್ಪಿದರೆ, ನಡುವಿನದು ಕಳೆದುಹೋಯಿತೆಂದು ಬಗೆದು ಕಳುಹಿಸುವ ಕಂಪ್ಯೂಟರು ವೇಗ ತಗ್ಗಿಸುತ್ತದೆ. ಆದ್ದರಿಂದ ಒಂದು ಸಂಭಾಷಣೆಯ ಎಲ್ಲ ಕಟ್ಟುಗಳೂ ಒಂದೇ ಕೇಬಲಿನಲ್ಲಿ ಸಾಗಬೇಕೆಂಬುದು ನಿಯಮ.

ಯಾವ ಸಂಭಾಷಣೆಗೆ ಯಾವ ಕೇಬಲ್? ಪ್ರತಿ ಕಂಪ್ಯೂಟರಿಗೂ 48 ಬಿಟ್‌ಗಳ ಒಂದು ವಿಳಾಸವಿದೆ. ಕಳುಹಿಸುವವರ ಮತ್ತು ಪಡೆಯುವವರ ವಿಳಾಸಗಳಿಂದ ಸ್ವಿಚ್ಚು ಒಂದು ಸಣ್ಣ ಲೆಕ್ಕ ಮಾಡುತ್ತದೆ. ಅದರ ಸರಳ ರೂಪ ಹೀಗೆ: ಎರಡೂ ವಿಳಾಸ ಸಮ ಅಥವಾ ಎರಡೂ ಬೆಸವಾದರೆ ಮೊದಲ ಕೇಬಲ್, ಒಂದು ಸಮ, ಒಂದು ಬೆಸವಾದರೆ ಎರಡನೆಯದು. ವಿಳಾಸ ಬದಲಾಗದ ತನಕ ಉತ್ತರವೂ ಬದಲಾಗದು. ಹೀಗಾಗಿ ಕ್ರಮ ಕೆಡದು.

ಈ ಲೆಕ್ಕಕ್ಕೆ ಒಂದು ಕುರುಡುತನವಿದೆ. ಅದು ವಿಳಾಸ ನೋಡುತ್ತದೆಯೇ ಹೊರತು ಹೊರೆಯನ್ನಲ್ಲ. ಒಂದು ಕೇಬಲಿನಲ್ಲಿ ಭಾರೀ ಫೈಲು ಏದುಸಿರು ಬಿಡುತ್ತಿದ್ದರೂ ಪಕ್ಕದ್ದು ಬರಿದಾಗಿರಬಹುದು. ಎರಡು ರೌಟರುಗಳ ನಡುವಿನ ದಾರಿಯಾದರೆ ಇನ್ನೂ ಕಷ್ಟ. ಅಲ್ಲಿ ಪ್ರತಿ ಕಟ್ಟಿನ ಮೇಲೂ ಅದೇ ಎರಡು ರೌಟರುಗಳ ವಿಳಾಸ. ಎಲ್ಲವೂ ಒಂದೇ ಕೇಬಲಿಗೆ ಬೀಳುತ್ತವೆ. ಅಂಥ ಕಡೆ ಐಪಿ ವಿಳಾಸ ಮತ್ತು ಪೋರ್ಟ್ ಸಂಖ್ಯೆಗಳನ್ನೂ ಲೆಕ್ಕಕ್ಕೆ ಸೇರಿಸುವಂತೆ ಸ್ವಿಚ್ಚನ್ನು ಹೊಂದಿಸಬೇಕು. ಖರ್ಚಿಲ್ಲದ ಈ ತಿದ್ದುಪಡಿಯನ್ನು ಮರೆತು ಮೂರನೆಯ ಕೇಬಲ್ ಎಳೆದರೆ ಹಣ ದಂಡ.

ವಿದ್ಯಾರ್ಥಿಗಳು ಇದನ್ನು ಪರೀಕ್ಷಿಸಬಹುದು. ಮಾಗಡಿ ರಸ್ತೆಯ ಬಸ್ ನಿಲ್ದಾಣದಲ್ಲಿ ಕಾಯುವಾಗ ಹಾದುಹೋಗುವ 20 ವಾಹನಗಳ ಸಂಖ್ಯೆ ಬರೆದುಕೊಳ್ಳಿ. ಕೊನೆಯ ಅಂಕಿ ಸಮವಾದರೆ ಒಂದು ಸಾಲು, ಬೆಸವಾದರೆ ಇನ್ನೊಂದು. ಎರಡಕ್ಕೂ ಸಮಾನ ಅವಕಾಶವಿದ್ದರೂ ಸರಿಯಾಗಿ 10–10 ಬರುವ ಸಂಭವ ಸುಮಾರು ಶೇ. 18 ಮಾತ್ರ. ಅದರಲ್ಲೂ ಒಂದು ಸಾಲಿಗೆ ಲಾರಿಗಳು, ಇನ್ನೊಂದಕ್ಕೆ ಸ್ಕೂಟರುಗಳು ಬಿದ್ದರೆ ಸಂಖ್ಯೆ ಸಮನಾದರೂ ಭಾರ ಸಮನಾಗದು. ಸಂಭಾಷಣೆಗಳು ಸಾವಿರಾರು ಇದ್ದಾಗ ಮಾತ್ರ ಎರಡೂ ಕಡೆ ಬಹುಮಟ್ಟಿಗೆ ಸರಿದೂಗುತ್ತದೆ.

ಹಾಗಾಗಿ ಲ್ಯಾಬಿಗೆ ಹಣ ಕೊಡುವ ಮುನ್ನ ಒಂದು ಪ್ರಶ್ನೆ ಕೇಳಬೇಕು: ನಿಧಾನವಾಗಿರುವುದು ಎಲ್ಲರ ಕೆಲಸವೇ, ಒಬ್ಬರದೇ? ಹಲವರ ನೂಕುನುಗ್ಗಲಿಗೆ ಜೋಡಿ ಕೇಬಲ್ ಮದ್ದು. ಒಂದೇ ದೊಡ್ಡ ಫೈಲಿನ ಆತುರಕ್ಕೆ ಬೇಕಾದದ್ದು ಇನ್ನೂ ವೇಗದ ಒಂದು ಕೊಂಡಿ.